ತಿಜೋರಿ ಕಳ್ಳನ ಮೂಕಿ ಚಿತ್ರ: ಓಟ ಅತಿವೇಗ, ತಗ್ಗಿಸಿದರೆ ಮಿಣುಕು

ಪ್ರಶ್ನೆ:
ಮಾನ್ಯರೇ, ತಿಜೋರಿ ಒಡೆಯಲು ಬಂದು ತಾನೇ ಪೇಚಿಗೆ ಸಿಲುಕುವ ಎಡವಟ್ಟು ಕಳ್ಳನೊಬ್ಬನ ಮೂಕಿ ಹಾಸ್ಯಚಿತ್ರದ 16 ಎಂಎಂ ಪ್ರತಿ ನನ್ನಲ್ಲಿದೆ. 400 ಅಡಿಯ ಆ ರೀಲನ್ನು ಪ್ರೊಜೆಕ್ಟರಿನಲ್ಲಿ ಓಡಿಸಿ, ಪರದೆಯ ಮೇಲಿನ ಚಿತ್ರವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದಾಗ ಎಲ್ಲವೂ ಹನ್ನೊಂದು ನಿಮಿಷಕ್ಕೇ ಮುಗಿದುಹೋಯಿತು. ಕಳ್ಳನು ಬಾಗಿಲಿಗೆ ಕಿವಿಗೊಟ್ಟು ಗುಂಡಿ ತಿರುಗಿಸುವಾಗ ಅದು ಬುಗುರಿಯಂತೆ ಸುತ್ತುತ್ತದೆ. ವೇಗ ತಗ್ಗಿಸಿದರೆ ಚಿತ್ರ ಮಿಣುಕತೊಡಗುತ್ತದೆ. ಏನು ಮಾಡಬೇಕು?

ಉತ್ತರ:
16 ಎಂಎಂ ಫಿಲ್ಮಿನ ಒಂದು ಅಡಿಗೆ 40 ಫ್ರೇಮುಗಳಂತೆ ತಮ್ಮ ರೀಲಿನಲ್ಲಿ 16,000 ಫ್ರೇಮುಗಳಿವೆ. ಹನ್ನೊಂದು ನಿಮಿಷಕ್ಕೆ ಮುಗಿಯಿತೆಂದರೆ ಪ್ರೊಜೆಕ್ಟರು ವಾಕ್ಚಿತ್ರದ ವೇಗದಲ್ಲಿ, ಅಂದರೆ ಸೆಕೆಂಡಿಗೆ 24 ಫ್ರೇಮಿನಂತೆ, ಓಡಿದೆ. ಮಿಣುಕಿಗೆ ಕಾರಣ ಷಟರು, ಅಂದರೆ ಪ್ರೊಜೆಕ್ಟರಿನ ಬೆಳಕನ್ನು ತಿರುಗುವ ಅಲಗುಗಳಿಂದ ತಡೆತಡೆದು ಬಿಡುವ ಭಾಗ. ಅದಕ್ಕೆ ಮೂರು ಅಲಗುಗಳಿದ್ದರೆ ಪ್ರತಿ ಫ್ರೇಮಿಗೂ ಬೆಳಕು ಮೂರು ಸಲ ಹಾಯುತ್ತದೆ. ಆದ್ದರಿಂದ ವೇಗವನ್ನು ಮೂಕಿ ಚಿತ್ರಗಳ ರೂಢಿಯ 16ಕ್ಕಿಂತ ತುಸು ಮೇಲೆ, 16.67ಕ್ಕೆ ನಿಲ್ಲಿಸಿದರೆ ಸೆಕೆಂಡಿಗೆ ಸರಿಯಾಗಿ 50 ಹೊಳಪುಗಳಾಗುತ್ತವೆ. ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮು ಹಿಡಿಯುವಂತೆ, ಪ್ರತಿ ಫ್ರೇಮಿಗೂ 1/50 ಸೆಕೆಂಡು ಬೆಳಕು ಬೀಳುವಂತೆ ಹೊಂದಿಸಿ, ಬೆಳಕನ್ನು ತಾನಾಗಿ ಹೆಚ್ಚುಕಡಿಮೆ ಮಾಡುವ ಸೌಲಭ್ಯವನ್ನು ಮರೆಯದೆ ನಿಲ್ಲಿಸಿಡಿರಿ. ಎರಡು ಅಲಗಿನ ಷಟರಾದರೆ ಈ ಲೆಕ್ಕ ಕೂಡಿಬರುವುದಿಲ್ಲ.

ಮರುಪ್ರಶ್ನೆ:
ಮೂರು ಅಲಗುಗಳೇ ಇವೆ. ಮಿಣುಕು ನಿಂತಿತು, ರೀಲು 16 ನಿಮಿಷ ಓಡಿತು, ತಿಜೋರಿಯ ದೃಶ್ಯವೂ ಹದಕ್ಕೆ ಬಂತು. ಆದರೆ ಕಳ್ಳನು ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಭಾಗ ಇನ್ನೂ ವೇಗವಾಗಿಯೇ ಇದೆ. ಅದನ್ನೂ ತಗ್ಗಿಸಲೇ?

ಉತ್ತರ:
ದಯವಿಟ್ಟು ಬೇಡ. ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದ ಆ ಕಾಲದಲ್ಲಿ, ಹಾಸ್ಯಚಿತ್ರಗಳ ಓಟದ ದೃಶ್ಯಗಳಿಗೆ ಅದನ್ನು ಬೇಕೆಂದೇ ನಿಧಾನವಾಗಿ ತಿರುಗಿಸುವುದಿತ್ತು; ಆಗ ಫ್ರೇಮುಗಳು ಕಡಿಮೆಯಾಗಿ, ಪರದೆಯ ಮೇಲೆ ಓಟ ವೇಗವಾಗಿ ಕಾಣುತ್ತದೆ. ಅದನ್ನು ತಿದ್ದಿದರೆ ನಗೆಯೇ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ತಿಜೋರಿಯ ನಗೆಗೆ ಸಾವಧಾನ ಬೇಕು: 1915ರ ‘ದಿ ಬ್ಯಾಂಕ್’ ಚಿತ್ರದಲ್ಲಿ ಚಾಪ್ಲಿನ್ ಮಹಾ ಗಾಂಭೀರ್ಯದಿಂದ ಭದ್ರಕೋಣೆಯನ್ನು ತೆರೆದು ಹೊರತೆಗೆಯುವುದು ನೆಲ ಒರೆಸುವ ಬಕೆಟ್ಟು, ಕೋಲುಗಳನ್ನು. ಆ ಗಾಂಭೀರ್ಯ ಅವಸರದಲ್ಲಿ ಕಾಣುವುದಿಲ್ಲ. ಅನುಮಾನವಿದ್ದರೆ ಬೀಳುವ ವಸ್ತುವಿನಿಂದ ಅಳೆಯಿರಿ. ನಾಲ್ಕು ಅಡಿ ಎತ್ತರದಿಂದ ಬಿದ್ದದ್ದು ಸುಮಾರು ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುವುದರಿಂದ, ಅದು ಬೀಳಲು ಹಿಡಿದ ಫ್ರೇಮುಗಳನ್ನು ಫಿಲ್ಮಿನಲ್ಲೇ ಎಣಿಸಿ ಎರಡರಿಂದ ಗುಣಿಸಿದರೆ ಚಿತ್ರೀಕರಣದ ವೇಗ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ:
ಭೂತಗನ್ನಡಿ ಹಿಡಿದು ಎಣಿಸಿದೆ. ತಿಜೋರಿಯ ಮುಂದೆ ಅವನ ಕೈಜಾರಿದ ಸುತ್ತಿಗೆ ಎಂಟನೆಯ ಫ್ರೇಮಿಗೆ ನೆಲ ಮುಟ್ಟುತ್ತದೆ. ಓಟದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರದಿಂದ ಬಿದ್ದ ಹಣದ ಚೀಲ ಆರಕ್ಕೇ. ಓಟವನ್ನು ಇದ್ದಂತೆಯೇ ಬಿಟ್ಟಿದ್ದೇನೆ.