ಅಪ್‌ಡೇಟ್: ಹರಾಜು ಸಿದ್ಧಾಂತವನ್ನೇ ತಗೊಂಡೆ

ಧಾರವಾಡದಲ್ಲಿ ಎಂ.ಎ. ಅರ್ಥಶಾಸ್ತ್ರದ ವಿಶೇಷ ವಿಷಯಕ್ಕೆ ಹರಾಜು ಸಿದ್ಧಾಂತವೋ (ಹರಾಜಿನ ನಿಯಮಕ್ಕೆ ತಕ್ಕಂತೆ ಜನ ಎಷ್ಟು ದರ ಹೇಳುತ್ತಾರೆ ಅನ್ನುವ ಅಧ್ಯಯನ), ಕೃಷಿ ಮಾರುಕಟ್ಟೆಯೋ ಅಂತ ಕೇಳಿದ್ದೆನಲ್ಲ, ಹರಾಜು ತಗೊಂಡೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಗಣಿತ ಜಾಸ್ತಿ ಅಂತ ಹೆದರಿಸಿದ್ದಿರಿ. ನಿಜ, ಕ್ಯಾಲ್ಕುಲಸ್ ಮರೆತವರಿಗೆ ಕಷ್ಟ. ಆದರೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಇ-ಟೆಂಡರ್ ಗೊತ್ತಿದ್ದರೆ ಪಾಠ ಸಲೀಸು. ಅಲ್ಲಿ ಖರೀದಿದಾರರು ಆನ್‌ಲೈನ್‌ನಲ್ಲಿ ದರ ಬರೆಯುತ್ತಾರೆ, ಒಬ್ಬರ ದರ ಇನ್ನೊಬ್ಬರಿಗೆ ಕಾಣಿಸುವುದಿಲ್ಲ. ಎಲ್ಲರಿಗಿಂತ ಜಾಸ್ತಿ ಬರೆದವರಿಗೆ ಲಾಟು (ಮಾರಾಟಕ್ಕಿಟ್ಟ ರಾಶಿ), ಬರೆದ ದರಕ್ಕೇ. ಹಾಗಾಗಿ ಮನಸ್ಸಿನಲ್ಲಿರುವ ಬೆಲೆಗಿಂತ ಸ್ವಲ್ಪ ಕಡಿಮೆ ಬರೆಯುವುದೇ ಜಾಣತನ, ಅಲ್ವಾ? ಗೆದ್ದವರು ಎರಡನೇ ದೊಡ್ಡ ದರ ಕೊಟ್ಟರೆ ಸಾಕು ಅನ್ನುವ ನಿಯಮವಿದ್ದರೆ, ಆಗ ನಿಜವಾದ ಬೆಲೆ ಬರೆಯುವುದೇ ಲೇಸು. ಇದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು.

ಕೃಷಿ ಮಾರುಕಟ್ಟೆ ಬಿಟ್ಟೆ ಅಂತ ಬೇಜಾರಿಲ್ಲ. ಕಿರುಪ್ರಬಂಧಕ್ಕೆ ಹೇಗೂ ಬ್ಯಾಡಗಿಯನ್ನೇ ಆರಿಸಿದ್ದೇನೆ: ಖರೀದಿದಾರರು ಒಳಗೊಳಗೇ ಮಾತಾಡಿಕೊಂಡರೆ ರೈತರ ದರ ಎಷ್ಟು ಇಳಿಯಬಹುದು ಅನ್ನುವ ಲೆಕ್ಕ.