‘ಧ್ರುವರಾತ್ರಿ’ಯೋ, ‘ಕತ್ತಲೆಗಾಲ’ವೋ?

ಮಾನ್ಯರೆ,

ಶಾಲೆಯ ವಸ್ತುಪ್ರದರ್ಶನಕ್ಕೆ ನಾಳೆಯೇ ಫಲಕ ಬರೆಸಬೇಕೆಂದು ತಾವು ತಿಳಿಸಿರುವುದರಿಂದ ನೇರವಾಗಿ ಹೇಳುತ್ತೇನೆ. ನಾರ್ವೆಯ ಟ್ರೊಮ್ಸೊ ಊರಿನ ಚಿತ್ರದ ಕೆಳಗೆ ‘ಧ್ರುವರಾತ್ರಿ’ ಬೇಡ, ‘ಕತ್ತಲೆಗಾಲ’ ಎಂದು ಬರೆಸಿ.

ಧ್ರುವದ ಬಳಿ ಚಳಿಗಾಲದಲ್ಲಿ ಸೂರ್ಯ ಮೂಡದ ದಿನಗಳಿಗೆ ‘ಧ್ರುವರಾತ್ರಿ’ ಎಂಬುದು ಪಠ್ಯಪುಸ್ತಕದ ಮಾತು. ಖಗೋಳದ ಲೆಕ್ಕಕ್ಕೆ ಅದು ಸಾಕು. ಆದರೆ ಎರಡು ತಿಂಗಳ ರಾತ್ರಿ ಎಂದೊಡನೆ ಮಗುವಿನ ಕಣ್ಣಮುಂದೆ ಬರುವುದು ಬಾಗಿಲು ಹಾಕಿಕೊಂಡು ಮಲಗಿದ ಊರು. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿಯ ನಡುವಿನವರೆಗೆ ಸೂರ್ಯ ಮೂಡುವುದಿಲ್ಲ, ನಿಜ. ಆದರೂ ಮಧ್ಯಾಹ್ನದ ಹೊತ್ತಿಗೆ ತೆಂಕಣ ಬೆಟ್ಟಗಳ ಹಿಂದೆ ಬಾನು ಕೆಂಪಾಗಿ, ಹಿಮವೆಲ್ಲ ನೀಲಿಗೆ ತಿರುಗಿ, ಕೆಲ ಗಂಟೆ ಮುಸ್ಸಂಜೆಯಷ್ಟು ಬೆಳಕಿರುತ್ತದೆ. ಅಂಗಡಿಗಳು ತೆರೆದಿರುತ್ತವೆ, ಬಸ್ಸುಗಳು ಓಡುತ್ತವೆ, ವಾಹನದ ದೀಪ ಬಿದ್ದರೆ ಹೊಳೆಯುವ ಪಟ್ಟಿಯನ್ನು ಕೋಟಿಗೆ ಸಿಕ್ಕಿಸಿಕೊಂಡು ಮಕ್ಕಳು ಶಾಲೆಗೆ ನಡೆಯುತ್ತಾರೆ. ಜನವರಿ 21ರ ಸುಮಾರಿಗೆ ಸೂರ್ಯ ಮತ್ತೆ ತಲೆ ತೋರಿದಾಗ ಅದನ್ನು ‘ಸೂರ್ಯದಿನ’ವೆಂದು ಕರೆದು, ಅದಕ್ಕೆಂದೇ ಮಾಡಿದ ಸಿಹಿ ಬನ್ನು ತಿನ್ನುತ್ತಾರೆ. ಹೀಗೆ ಬಂದು, ಕೆಲಸಬೊಗಸೆಗಳ ನಡುವೆಯೇ ಕಳೆದು, ಹಬ್ಬದೊಡನೆ ಮುಗಿಯುವುದನ್ನು ಕನ್ನಡಿಗರು ‘ಕಾಲ’ ಎನ್ನುತ್ತಾರೆಯೇ ಹೊರತು ‘ರಾತ್ರಿ’ ಎನ್ನುವುದಿಲ್ಲ. ನಾರ್ವೆಯವರ ‘ಮೊರ್ಕೆತಿದ್’ ಎಂಬ ಪದದ ಕಟ್ಟಡವೂ ಇದೇ: ‘ಮೊರ್ಕೆ’ ಕತ್ತಲೆ, ‘ತಿದ್’ ಕಾಲ.

‘ಕತ್ತಲೆ’ ಕನ್ನಡ, ‘ಕಾಲ’ ಸಂಸ್ಕೃತ, ಆದ್ದರಿಂದ ಇದು ಅರಿಸಮಾಸ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಮಳೆಗಾಲ, ಚಳಿಗಾಲಗಳಿರುವ ಸಾಲಿನಲ್ಲೇ ಇದೂ ನಿಲ್ಲುತ್ತದೆ. ಅವನ್ನು ನಾಲಗೆಯಿಂದ ಕಿತ್ತವರು ಯಾರೂ ಇಲ್ಲ. ಅಚ್ಚಗನ್ನಡವೆಂದು ಸೂಚಿಸಲಾದ ‘ತುದಿಯಿರುಳು’ ಖಂಡಿತ ಬೇಡ, ಅದನ್ನು ಓದಿದವರು ಬೆಳಗಿನ ಜಾವವೆಂದೇ ತಿಳಿಯುತ್ತಾರೆ.

ಇನ್ನೂ ಬಡಗಣಕ್ಕೆ ಹೋದರೂ ಈ ಪದ ಕೈಕೊಡುವುದಿಲ್ಲ. ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡ 2023ರ ಡಿಸೆಂಬರಿನಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ನಮ್ಮ ‘ಹಿಮಾದ್ರಿ’ ಸಂಶೋಧನಾ ನೆಲೆಗೆ ಹೊರಟಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದ ಆ ನೆಲೆಯಲ್ಲಿ ಡಿಸೆಂಬರಿನ ನಡುಹಗಲೂ ಕಗ್ಗತ್ತಲೇ. ಅಲ್ಲಿ ದುಡಿದು ಬಂದವರು ‘ಕತ್ತಲೆಗಾಲದಲ್ಲಿ ಹೋಗಿದ್ದೆವು’ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ.

ಮತ್ತೊಂದು ಫಲಕದಲ್ಲಿ ಧ್ರುವದ ಬಳಿಯ ಮರಗಳಿಲ್ಲದ ಬಯಲಿಗೆ ಹಾಕಿದ ‘ಟುಂಡ್ರಾ’ ಎಂಬ ಹೆಸರನ್ನು ಅಳಿಸಿ ‘ಹಿಮಬಯಲು’ ಮಾಡಬೇಕೆಂಬ ಸಲಹೆಯನ್ನೂ ದಯವಿಟ್ಟು ಕೈಬಿಡಿ. ಬೇಸಿಗೆಯಲ್ಲಿ ಅಲ್ಲಿ ಹಿಮ ಕರಗಿ ಪಾಚಿ, ಕುರುಚಲು ಗಿಡ, ಸಣ್ಣ ಹೂಗಳು ನೆಲ ತುಂಬುತ್ತವೆ. ಆಗ ‘ಹಿಮಬಯಲು’ ಸುಳ್ಳಾಗುತ್ತದೆ. ಹಿಮಸಾರಂಗ ಸಾಕುವ ಸಾಮಿ ಜನರ ನುಡಿಯಿಂದ ರಷ್ಯನ್ನಿಗೆ, ಅಲ್ಲಿಂದ ಜಗತ್ತಿಗೆ ಬಂದ ಪದವದು. ಆ ನೆಲವನ್ನು ಬಲ್ಲವರೇ ಇಟ್ಟ ಹೆಸರನ್ನು ಎರವಲು ಎಂಬ ಒಂದೇ ಕಾರಣಕ್ಕೆ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ.

ತಾವು ಕಳುಹಿಸಿದ ಚಿತ್ರ ಹಗಲು ಹನ್ನೆರಡು ಗಂಟೆಯದು. ಆದ್ದರಿಂದ ಸಾಲು ಹೀಗಿರಲಿ: ‘ಟ್ರೊಮ್ಸೊ, ನಾರ್ವೆ: ಕತ್ತಲೆಗಾಲದ ಒಂದು ಮಧ್ಯಾಹ್ನ.’