ಶಾವುಓತ್ ಮತ್ತು ಪೆಂತೆಕೋಸ್ತ್: ಎರಡನ್ನೂ ‘ಸುಗ್ಗಿ ಹಬ್ಬ’ ಎನ್ನಬಹುದೇ?

ಮಾನ್ಯರೇ,

ಯೆಹೂದ್ಯರ ಶಾವುಓತ್ ಹಬ್ಬವನ್ನೂ ಕ್ರೈಸ್ತರ ಪೆಂತೆಕೋಸ್ತ್ ಹಬ್ಬವನ್ನೂ ಕನ್ನಡದಲ್ಲಿ ಪರಿಚಯಿಸುವಾಗ ಎರಡಕ್ಕೂ ‘ಸುಗ್ಗಿ ಹಬ್ಬ’ ಎಂಬ ಒಂದೇ ಮಾತನ್ನು ಬಳಸಬಹುದೇ ಎಂಬುದು ನನ್ನ ಪ್ರಶ್ನೆ. ಬಳಸಬಾರದೆಂದು ನನಗೆ ತೋರುತ್ತದೆ. ಅದಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಬಲ್ಲವರು ವಿಚಾರಿಸಬೇಕೆಂದು ಕೋರುತ್ತೇನೆ.

ಹೀಬ್ರೂ ಧರ್ಮಗ್ರಂಥದಲ್ಲಿ ಮೊದಲನೆಯ ಹಬ್ಬಕ್ಕೆ ಮೂರು ಹೆಸರುಗಳಿವೆ. ವಿಮೋಚನಕಾಂಡದ 23ನೆಯ ಅಧ್ಯಾಯವು ಅದನ್ನು ಕೊಯ್ಲಿನ ಹಬ್ಬವೆಂದು ಕರೆಯುತ್ತದೆ. ಅರಣ್ಯಕಾಂಡದ 28ನೆಯ ಅಧ್ಯಾಯವು ‘ಬಿಕ್ಕೂರಿಮ್’, ಅಂದರೆ ಪ್ರಥಮಫಲಗಳ ದಿನವೆನ್ನುತ್ತದೆ. ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದಲ್ಲಿಯೂ ಬರುವ ‘ಶಾವುಓತ್’ ಎಂಬುದಕ್ಕೆ ವಾರಗಳು ಎಂದಷ್ಟೇ ಅರ್ಥ. ಬಳಕೆಯಲ್ಲಿ ಗಟ್ಟಿಯಾಗಿ ನಿಂತದ್ದು ಈ ಕೊನೆಯ ಹೆಸರು. ಅದಕ್ಕೆ ಕಾರಣ ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿದೆ. ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದುದನ್ನು ಯೆಹೂದ್ಯರು ನೆನೆಯುವ ಪಸ್ಕ ಹಬ್ಬದ ಹೊತ್ತಿಗೆ ಇಸ್ರಾಯೇಲ್ ನಾಡಿನಲ್ಲಿ ಜವೆಗೋದಿ ಮಾಗುತ್ತದೆ. ಅದರ ಮೊದಲ ಸಿವುಡನ್ನು ಯಾಜಕನು ದೇವರ ಮುಂದೆ ನಿವಾಳಿಸಿದ ದಿನದಿಂದ ಏಳು ವಾರಗಳನ್ನು ಎಣಿಸಿ, ಐವತ್ತನೆಯ ದಿನ ಹೊಸ ಗೋದಿಯ ಹಿಟ್ಟಿನಿಂದ ಸುಟ್ಟ ಎರಡು ರೊಟ್ಟಿಗಳನ್ನು ಅರ್ಪಿಸಬೇಕು. ಪಸ್ಕದಲ್ಲಿ ಹುಳಿಹಿಟ್ಟನ್ನು ಮನೆಯಿಂದಲೇ ಹೊರಹಾಕುವ ಜನರು ಇಲ್ಲಿ ಹುಳಿ ಬೆರೆಸಿದ ರೊಟ್ಟಿಯನ್ನೇ ತರುತ್ತಾರೆ ಎಂಬುದು ಗಮನಾರ್ಹ. ಹೀಗೆ ಇದು ಜವೆಗೋದಿಯ ಕೊಯ್ಲಿನಿಂದ ಗೋದಿಯ ಕೊಯ್ಲಿನವರೆಗಿನ ಒಂದು ಇಡೀ ಅವಧಿಯನ್ನು ಮುಗಿಸುವ ಹಬ್ಬ. ಬರಿಯ ‘ಸುಗ್ಗಿ’ ಎಂದರೆ ಆ ಎಣಿಕೆ ಕೈಬಿಟ್ಟುಹೋಗುತ್ತದೆ.

ಬೇಸಾಯದ ನಂಟು ಎಷ್ಟು ಹತ್ತಿರದ್ದಾಗಿತ್ತು ಎಂಬುದನ್ನು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದ ‘ಬಿಕ್ಕೂರಿಮ್’ ಭಾಗ ತೋರಿಸುತ್ತದೆ. ರೈತನು ತೋಟಕ್ಕೆ ಇಳಿದಾಗ ಮೊದಲು ಹಣ್ಣಾದ ಅಂಜೂರವನ್ನೋ ದ್ರಾಕ್ಷಿಗೊಂಚಲನ್ನೋ ಕಂಡರೆ ಅದಕ್ಕೆ ನಾರು ಕಟ್ಟಿ, ಇದು ಪ್ರಥಮಫಲವೆಂದು ಹೇಳುತ್ತಿದ್ದನು. ಕಾಣಿಕೆಯನ್ನು ಯೆರೂಸಲೇಮಿಗೆ ಒಯ್ಯುವ ಮೆರವಣಿಗೆಯ ಮುಂದೆ ಕೋಡುಗಳಿಗೆ ಚಿನ್ನದ ಹೊದಿಕೆಯಿದ್ದ, ತಲೆಗೆ ಆಲಿವ್ ಎಲೆಗಳ ಮುಡಿಯಿದ್ದ ಎತ್ತು ಹೋಗುತ್ತಿತ್ತು, ಕೊಳಲು ನುಡಿಯುತ್ತಿತ್ತು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ನಾಶಮಾಡಿದ ಮೇಲೆ ಇದೆಲ್ಲ ನಿಂತುಹೋಯಿತು. ಆಗ ಹಬ್ಬದ ಇನ್ನೊಂದು ಅರ್ಥ ಮೇಲೆ ಬಂದಿತು: ಸೀನಾಯ್ ಬೆಟ್ಟದಲ್ಲಿ ತೋರಾ, ಅಂದರೆ ದೇವರ ಧರ್ಮಶಾಸ್ತ್ರ, ದೊರೆತ ದಿನ. ತೋರಾ ದೊರೆತ ತಾರೀಖನ್ನು ಧರ್ಮಗ್ರಂಥ ಹೇಳುವುದಿಲ್ಲ; ಜನರು ಮೂರನೆಯ ತಿಂಗಳಿನಲ್ಲಿ ಸೀನಾಯ್ ಮರುಭೂಮಿಗೆ ಬಂದರೆಂದಷ್ಟೇ ಅದರಲ್ಲಿದೆ. ಆದರೂ ಇಂದು ಆ ದಿನದ ಮುಖ್ಯ ಭಾವ ಇದೇ. ಅನೇಕರು ರಾತ್ರಿಯಿಡೀ ಎಚ್ಚರವಿದ್ದು ಅಧ್ಯಯನ ಮಾಡುತ್ತಾರೆ, ಹಾಲಿನ ಅಡುಗೆಗಳನ್ನು ಉಣ್ಣುತ್ತಾರೆ. ಹೀಬ್ರೂ ಧರ್ಮಗ್ರಂಥದ ರೂತಳ ಕಥೆಯನ್ನು ಓದುವುದರಲ್ಲಿ ಹಳೆಯ ಹೊಲ ಉಳಿದುಕೊಂಡಿದೆ. ಜವೆಗೋದಿ ಮತ್ತು ಗೋದಿಯ ಕೊಯ್ಲು ಮುಗಿಯುವವರೆಗೂ ಆಕೆ ತೆನೆ ಆಯ್ದವಳಲ್ಲವೇ!

ಇನ್ನು ‘ಪೆಂತೆಕೋಸ್ತ್’. ಗ್ರೀಕಿನ ‘ಪೆಂತೇಕೊಸ್ತೇ’ ಎಂದರೆ ಐವತ್ತನೆಯದು. ಇದು ಕ್ರೈಸ್ತರು ಕಟ್ಟಿದ ಹೆಸರೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಗ್ರೀಕ್ ಮಾತಾಡುತ್ತಿದ್ದ ಯೆಹೂದ್ಯರು ಶಾವುಓತ್ ಹಬ್ಬವನ್ನೇ ಹಾಗೆ ಕರೆಯುತ್ತಿದ್ದರು ಎಂಬುದಕ್ಕೆ ಕ್ರಿಸ್ತಪೂರ್ವದ ಯೆಹೂದಿ ಬರಹಗಳಾದ ತೋಬಿತನ ಗ್ರಂಥ ಮತ್ತು ಮಕ್ಕಬಿಯರ ಎರಡನೆಯ ಗ್ರಂಥ ಸಾಕ್ಷಿಯಾಗಿವೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ನಾನಾ ದೇಶಗಳ ಯೆಹೂದ್ಯರು ಯೆರೂಸಲೇಮಿನಲ್ಲಿ ನೆರೆದಿದ್ದುದು ಈ ಹಬ್ಬದ ಸಮಯದಲ್ಲಿಯೇ. ಅಂದು ಗಾಳಿಯ ಶಬ್ದದೊಡನೆ, ಬೆಂಕಿಯಂಥ ನಾಲಗೆಗಳೊಡನೆ ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದನೆಂಬುದು ಕ್ರೈಸ್ತರ ನಂಬಿಕೆ. ಸೀನಾಯ್ ಬೆಟ್ಟದ ಬೆಂಕಿಯ ನೆನಪು ಇಲ್ಲಿ ಬರುವುದು ಸಹಜ. ಪೌಲನ ಪತ್ರಗಳಲ್ಲಿ ‘ಪ್ರಥಮಫಲ’ ಎಂಬ ಮಾತು ಪುನರುತ್ಥಾನಗೊಂಡ ಕ್ರಿಸ್ತನಿಗೂ ಪವಿತ್ರಾತ್ಮವರಕ್ಕೂ ಅನ್ವಯವಾಗುತ್ತದೆ. ಬೆಳೆಗೂ ಕ್ರೈಸ್ತರ ಪೆಂತೆಕೋಸ್ತಿಗೂ ಇರುವ ಸಂಬಂಧ ರೂಪಕದ್ದೇ ಹೊರತು ಆಚರಣೆಯದಲ್ಲ. ಎಣಿಕೆ ಶುರುವಾಗುವ ದಿನವೂ ಬೇರೆ. ಯಾಜಕಕಾಂಡ ಹೇಳುವ ‘ಸಬ್ಬತ್ತಿನ (ವಿಶ್ರಾಂತಿಯ ದಿನದ) ಮರುದಿನ’ ಎಂಬುದನ್ನು ಅಂದಿನ ಯೆಹೂದ್ಯರ ಒಂದು ಪಂಗಡವಾದ ಫರಿಸಾಯರು ಪಸ್ಕದ ಮೊದಲ ದಿನದ ಮರುದಿನವೆಂದು ಅರ್ಥಮಾಡಿದ್ದರಿಂದ ಶಾವುಓತ್ ಯೆಹೂದ್ಯರ ಪಂಚಾಂಗದ ಸೀವಾನ್ ತಿಂಗಳ 6ರಂದು, ವಾರದ ಬೇರೆ ಬೇರೆ ದಿನಗಳಲ್ಲಿ ಬರುತ್ತದೆ; ಈಸ್ಟರ್ ಭಾನುವಾರವನ್ನೂ ಸೇರಿಸಿ ಎಣಿಸುವ ಪೆಂತೆಕೋಸ್ತ್ ಯಾವಾಗಲೂ ಭಾನುವಾರವೇ.

ನಮ್ಮಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಮಂಗಳೂರು, ಉಡುಪಿ ಕಡೆಯ ಕೆಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ‘ಮೊಂತಿ ಫೆಸ್ತ್’ ಎಂಬ ತೆನೆ ಹಬ್ಬವನ್ನು ಆಚರಿಸುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಕರಾವಳಿಯ ಓದುಗರಿಗೆ ಕ್ರೈಸ್ತರ ಸುಗ್ಗಿ ಹಬ್ಬವೆಂದರೆ ನೆನಪಾಗುವುದು ಇದು, ಪೆಂತೆಕೋಸ್ತ್ ಅಲ್ಲ.

ಆದುದರಿಂದ ಯೆಹೂದ್ಯರ ಹಬ್ಬಕ್ಕೆ ‘ವಾರಗಳ ಹಬ್ಬ’ ಎಂದೂ ಕ್ರೈಸ್ತರದಕ್ಕೆ ಕನ್ನಡ ಬೈಬಲಿನಲ್ಲಿ ಇರುವ ‘ಪಂಚಾಶತ್ತಮ ದಿನ’ ಎಂದೂ ಬರೆಯುವುದು ಮೇಲು. ಸಂಸ್ಕೃತದ ‘ಪಂಚಾಶತ್’ ಗ್ರೀಕಿನ ‘ಪೆಂತೇಕೊಂತ’ಕ್ಕೆ ಮೂಲದಲ್ಲಿಯೇ ಬಂಧು, ಅರ್ಥವೂ ಕೂದಲೆಳೆಯಷ್ಟು ತಪ್ಪುವುದಿಲ್ಲ. ‘ಪೆಂಟೆಕೋಸ್ಟ್’ ಎಂದು ಹಾಗೆಯೇ ಬರೆದರೆ, ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯಲ್ಲಿ 1906ರಲ್ಲಿ ನಡೆದ ಕೂಟಗಳಿಂದ ಹೆಸರಾದ ಪೆಂಟೆಕೋಸ್ಟಲ್ ಸಭೆಗಳವರ ಹಬ್ಬವೆಂದು ಓದುಗರು ತಿಳಿಯುವ ಸಂಭವವಿದೆ.

ಉಳಿಯುವ ತೊಡಕು ಒಂದೇ. ಅಪೊಸ್ತಲರ ಕೃತ್ಯಗಳು 2:1ರಲ್ಲಿ ಹೆಸರು ಗ್ರೀಕಿನದು, ಹಬ್ಬ ಇನ್ನೂ ಯೆಹೂದ್ಯರದು. ಇತಿಹಾಸದ ಬರಹದಲ್ಲಿ ಆ ವಾಕ್ಯವನ್ನು ಹೇಳುವಾಗ ‘ವಾರಗಳ ಹಬ್ಬ’ ಎನ್ನಬೇಕೇ, ‘ಪಂಚಾಶತ್ತಮ ದಿನದ ಹಬ್ಬ’ ಎಂದೇ ಉಳಿಸಬೇಕೇ? ಹಳೆಯ ಕನ್ನಡ ಅನುವಾದಗಳನ್ನು ಹೋಲಿಸಿ ನೋಡಿದವರು ದಯವಿಟ್ಟು ತಿಳಿಸಬೇಕು.